ಗಡಿನಾಡಿನ ವಕೀಲರ ಕಚೇರಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ವಿದ್ಯಾನಗರದ ಕೋರ್ಟ್ ಸಂಕೀರ್ಣದ ಹತ್ತಿರ ನಮ್ಮ ಕಚೇರಿ. ನಾನು ಇಲ್ಲಿನ ಗುಮಾಸ್ತ. ವಾದ ಮಾಡುವವರು ವಕೀಲರು, ಫೋನ್ ಎತ್ತುವವನು ನಾನು. ತಲಪಾಡಿಯಿಂದ ದೇಲಂಪಾಡಿವರೆಗಿನ ಜನ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಉತ್ತರಗಳನ್ನು ವಕೀಲರಿಗೆ ತೋರಿಸಿ ಇಲ್ಲಿ ಬರೆದಿದ್ದೇನೆ. ಇದನ್ನು ಓದಿ ಕೇಸು ಹಾಕಬೇಡಿ. ಏನು ಕೇಳಬೇಕು ಅಂತ ತಿಳಿದುಕೊಂಡು ಬನ್ನಿ, ಅಷ್ಟು ಸಾಕು.

ನೀವು ಯಾವ ಯಾವ ಕೇಸು ತೆಗೆದುಕೊಳ್ಳುತ್ತೀರಿ?

ಜಾಗದ ತಕರಾರು, ಪಾಲು ದಾವೆ, ಗಂಡ ಹೆಂಡಿರ ಕೇಸು, ವಾಹನ ಅಪಘಾತದ ಪರಿಹಾರ, ಚೆಕ್ ಬೌನ್ಸ್, ಜಾಮೀನು, ಗ್ರಾಹಕರ ದೂರು. ಇವೇ ಜಾಸ್ತಿ. ಕಂಪೆನಿ ಕೇಸು, ದೊಡ್ಡ ತೆರಿಗೆ ಕೇಸು ನಮ್ಮಲ್ಲಿಲ್ಲ. ಅದು ಗೊತ್ತಿರುವವರ ಹೆಸರು ಹೇಳುತ್ತೇವೆ.

ಆದರೆ ಕಚೇರಿಯ ಅರ್ಧ ಕೆಲಸ ಈ ಪಟ್ಟಿಯಲ್ಲಿ ಕಾಣುವುದಿಲ್ಲ. ಮನೆ ಮಂಜೇಶ್ವರದಲ್ಲಿ, ತೋಟ ಪುತ್ತೂರಿನಲ್ಲಿ, ಮಗಳನ್ನು ಕೊಟ್ಟದ್ದು ಬಂಟ್ವಾಳಕ್ಕೆ, ಆಸ್ಪತ್ರೆ ಮಂಗಳೂರಿನಲ್ಲಿ, ಹೈಕೋರ್ಟ್ ಮಾತ್ರ ಕೊಚ್ಚಿಯಲ್ಲಿ. ಇಲ್ಲಿನವರ ಬದುಕೇ ಹಾಗೆ. ಹಾಗಾಗಿ ಯಾರು ಬಂದರೂ ನಾವು ಮೊದಲು ನೋಡುವುದು ಈ ಕೇಸು ಕೇರಳ, ಕರ್ನಾಟಕ ಗಡಿಯ ಯಾವ ಕಡೆಯದು ಅಂತ. ಯಾರ ಕಡೆ ನ್ಯಾಯ ಅನ್ನುವುದು ಆಮೇಲೆ.

ನಿಮ್ಮ ಕಚೇರಿಗೆ ಒಳ್ಳೆ ಹೆಸರಿದೆಯಾ? ಎಷ್ಟು ಕೇಸು ಗೆದ್ದಿದ್ದೀರಿ?

ಇದಕ್ಕೆ ನಾವು ಉತ್ತರ ಕೊಡುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮ 36ರ ಪ್ರಕಾರ ವಕೀಲರು ಜಾಹೀರಾತು ಕೊಡಬಾರದು, ಕೇಸು ಹುಡುಕಿಕೊಂಡು ಹೋಗಬಾರದು. 2008ರ ತಿದ್ದುಪಡಿಯ ನಂತರ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ಎನ್‌ರೋಲ್‌ಮೆಂಟ್ ನಂಬರ್, ಓದು, ಯಾವ ಬಗೆಯ ಕೇಸು ನಡೆಸುತ್ತೇವೆ ಅನ್ನುವುದನ್ನು ಹಾಕಬಹುದು. "ನಂಬರ್ ಒನ್ ವಕೀಲರು", "ನೂರಕ್ಕೆ ತೊಂಬತ್ತು ಗೆಲುವು" ಅಂತ ಎಲ್ಲಾದರೂ ಕಂಡರೆ ಸ್ವಲ್ಪ ದೂರವೇ ಇರಿ. ನಿಯಮ ಮುರಿದೇ ಶುರುಮಾಡಿದವರು ಅವರು.

ಹಾಗಾದರೆ ಒಳ್ಳೆ ವಕೀಲರು ಯಾರು ಅಂತ ಹೇಗೆ ತಿಳಿಯುವುದು? ಇ-ಕೋರ್ಟ್ಸ್ ತಾಣದಲ್ಲಿ ವಕೀಲರ ಹೆಸರು ಹಾಕಿ ಹುಡುಕಿ. ಯಾವ ಕೋರ್ಟಿನಲ್ಲಿ ಯಾವ ಬಗೆಯ ಕೇಸು ನಡೆಸುತ್ತಿದ್ದಾರೆ ಅಂತ ಕಾಣುತ್ತದೆ. ಎಷ್ಟು ಸಲ ವಾಯಿದೆ ಬಿದ್ದಿದೆ (ಕೇಸು ಮುಂದಕ್ಕೆ ಹೋಗಿದೆ) ಅಂತಲೂ ಕಾಣುತ್ತದೆ, ಆದರೆ ಎಲ್ಲ ವಾಯಿದೆಗೂ ವಕೀಲರೇ ಕಾರಣರಲ್ಲ. ಅದಕ್ಕಿಂತ ಒಳ್ಳೆಯ ದಾರಿ ಅಂದರೆ ಕೋರ್ಟಿಗೆ ಒಂದು ದಿನ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡುವುದು. ತೆರೆದ ಕೋರ್ಟು, ಯಾರೂ ಕೂರಬಹುದು. ಕೇಸಿನ ಕಟ್ಟು ಓದಿ ಬಂದವರು ಯಾರು, ಮೆಟ್ಟಿಲ ಮೇಲೆ ನಿಂತು ಕಟ್ಟು ಬಿಚ್ಚುವವರು ಯಾರು ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ನನ್ನನ್ನು ಕೇಳಿದರೆ, "ನಿಮ್ಮ ಕೇಸು ನಿಲ್ಲುವುದಿಲ್ಲ, ರಾಜಿ ಮಾಡಿಕೊಳ್ಳಿ" ಅಂತ ಹೇಳುವ ವಕೀಲರಿಗೇ ಹೆಚ್ಚು ಬೆಲೆ ಕೊಡುತ್ತೇನೆ. ಹಾಗೆ ಹೇಳಿದರೆ ಆ ದಿನದ ಫೀಸು ಹೋಗುತ್ತದೆ, ಅವರಿಗೂ ಗೊತ್ತು.

ಕನ್ನಡದಲ್ಲಿ ಮಾತಾಡಬಹುದಾ ಮಾರಾಯ್ರೆ? ನನಗೆ ಮಲಯಾಳ ಸರಿ ಬರುವುದಿಲ್ಲ.

ಖಂಡಿತ. ಕನ್ನಡ, ತುಳು, ಮಲಯಾಳ ಮೂರೂ ನಡೆಯುತ್ತದೆ. ದಾವೆಯ ಕಾಗದ ಇಂಗ್ಲಿಷಿನಲ್ಲಿ ಹೋಗುತ್ತದೆ. ಸಹಿ ಹಾಕುವ ಮೊದಲು ಪ್ರತಿ ಪುಟವನ್ನೂ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. ಯಾರ ಕಚೇರಿಯಾದರೂ ಸರಿ, ಇದಕ್ಕೆ ನಾಚಿಕೆ ಬೇಡ.

ಸಾಕ್ಷಿಕಟ್ಟೆಯಲ್ಲಿ ನಿಮಗೆ ಬರುವ ಭಾಷೆಯಲ್ಲೇ ಹೇಳಿ. ಅರ್ಧಂಬರ್ಧ ಮಲಯಾಳದಲ್ಲಿ ಹೇಳಲು ಹೋಗಿ ಮಾತು ತಪ್ಪಿದರೆ, ತಪ್ಪಿದ ಮಾತೇ ದಾಖಲೆಯಾಗುತ್ತದೆ. ಕ್ರಿಮಿನಲ್ ಕೇಸಿನಲ್ಲಿ ಸಾಕ್ಷಿ ಹೇಳಿದ್ದು ಆರೋಪಿಗೆ ತಿಳಿಯದ ಭಾಷೆಯಲ್ಲಿದ್ದರೆ ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು ಅಂತ ಕಾನೂನೇ ಹೇಳುತ್ತದೆ.

ಸರಕಾರಿ ಕಚೇರಿಯ ವಿಷಯ ಬೇರೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಹಕ್ಕು ಕೊಟ್ಟಿದೆ. ಸೆಕ್ರೆಟರಿಯೇಟಿಗೂ, ಭಾಷಾ ಅಲ್ಪಸಂಖ್ಯಾತ ಪ್ರದೇಶ ಅಂತ ಘೋಷಿಸಿದ ಕಡೆಯ ಸ್ಥಳೀಯ ಸರಕಾರಿ ಕಚೇರಿಗಳಿಗೂ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಸಂವಿಧಾನದ 350ನೇ ವಿಧಿಯೂ ನಿಮ್ಮ ಬೆನ್ನಿಗಿದೆ. "ಕನ್ನಡ ಅರ್ಜಿ ತೆಗೆದುಕೊಳ್ಳುವುದಿಲ್ಲ" ಅಂದರೆ ಕೌಂಟರಿನಲ್ಲಿ ಜಗಳ ಬೇಡ. ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಶೀದಿ ಇಟ್ಟುಕೊಳ್ಳಿ. ಮುಂದೆ ಕೇಸು ಮಾಡುವುದಿದ್ದರೆ ಆ ರಶೀದಿ ಬೇಕು.

ಅಜ್ಜನ ಕಾಲದ ಕನ್ನಡ ಕಾಗದ ಇದೆ. ಈಗ ಅದಕ್ಕೆ ಬೆಲೆ ಇದೆಯಾ?

ಇದೆ. ದಯವಿಟ್ಟು ಬಿಸಾಡಬೇಡಿ, ಲ್ಯಾಮಿನೇಶನ್ ಅಂತೂ ಮಾಡಿಸಲೇಬೇಡಿ. ಹಿಂಭಾಗದ ಮೊಹರು, ಶರಾ ನೋಡಬೇಕಾಗುತ್ತದೆ.

1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಹಾಗಾಗಿ ಆಗಿನ ಕಾಗದಗಳು ಹೆಚ್ಚಿನವು ಕನ್ನಡದಲ್ಲಿ. ಮೊನ್ನೆ ಪೆರ್ಲದ ಕಡೆಯ ಒಬ್ಬರು ತಂದ ಮೂಲಗೇಣಿ (ಶಾಶ್ವತ ಗೇಣಿ) ಚೀಟು ಹೀಗಿತ್ತು: ಮಡಚಿದ ಕಡೆ ಹರಿದ ಕಂದು ಕಾಗದ, ಸಾಲು ಬಿಡದೆ ಬರೆದ ಕೈಬರಹ, ಗೇಣಿ ಇಷ್ಟು ಮುಡಿ ಅಕ್ಕಿ ಅಂತ ಒಕ್ಕಣೆ, ಚಕ್ಕುಬಂದಿಗೆ (ನಾಲ್ಕು ದಿಕ್ಕಿನ ಗಡಿಗೆ) ಪೂರ್ವದಲ್ಲಿ ತೋಡು, ಪಡುವಣದಲ್ಲಿ ಒಂದು ಗೋಳಿಮರ. ಸರ್ವೆ ನಂಬರ್ ಒಂದು ಮೂಲೆಯಲ್ಲಿ. ಗೋಳಿಮರ ಈಗಿಲ್ಲ. ರೀಸರ್ವೆಯಲ್ಲಿ ನಂಬರೂ ಬದಲಾಗಿದೆ. ಹಳೇ ನಂಬರಿಗೆ ಹೊಸ ನಂಬರ್ ಯಾವುದು ಅಂತ ತಾಳೆ ಹಾಕುವುದೇ ಇಂಥ ಕೇಸಿನ ಮೊದಲ ಕೆಲಸ, ಮತ್ತು ಅತಿ ನಿಧಾನದ ಕೆಲಸ.

ಇನ್ನೊಂದು ಸಂಗತಿ. ಕರ್ನಾಟಕದ ನೆಂಟರು "ಡಿಕ್ಲರೇಶನ್ ಕೊಟ್ಟಿದ್ದೀರಾ, ಫಾರಂ ಏಳು ಉಂಟಾ" ಅಂತ ಕೇಳಿ ನಿಮ್ಮನ್ನು ಹೆದರಿಸುತ್ತಾರೆ. ಗೇಣಿದಾರರು ಜಾಗಕ್ಕಾಗಿ ಹಾಕಿದ ಆ ಅರ್ಜಿ ಅವರ ಕಡೆಯ ಕಾನೂನಿನದು. ಅಲ್ಲಿ ಗೇಣಿ ಜಮೀನು ಸರಕಾರಕ್ಕೆ ಸೇರಿದ್ದು 1974ರ ಮಾರ್ಚ್ 1ಕ್ಕೆ. ನಮ್ಮಲ್ಲಿ ಕೇರಳ ಭೂಸುಧಾರಣಾ ಕಾಯ್ದೆಯಂತೆ 1970ರ ಜನವರಿ 1ಕ್ಕೇ ಧಣಿಗಳ ಹಕ್ಕು ಸರಕಾರಕ್ಕೆ ಹೋಯಿತು. ಗೇಣಿದಾರರು ಲ್ಯಾಂಡ್ ಟ್ರಿಬ್ಯೂನಲ್ಲಿನಿಂದ ಖರೀದಿ ಪ್ರಮಾಣಪತ್ರ ಪಡೆದರು. ನಾವು ಪಟ್ಟಯ ಅನ್ನುವುದು ಅದನ್ನೇ. ಪಟ್ಟಯ ಸಿಕ್ಕದಿದ್ದರೆ ಅಥವಾ ಕಳೆದಿದ್ದರೆ, ತೀರುವೆ (ಭೂಕಂದಾಯ) ರಶೀದಿ ಎಷ್ಟು ಹಳೆಯದಿದೆಯೋ ಅಷ್ಟನ್ನೂ ತನ್ನಿ.

ಕುಮ್ಕಿ ಜಾಗ ನಮ್ಮದೇ ಅಲ್ವಾ?

ಅಲ್ಲ. ಸೊಪ್ಪು, ಕಟ್ಟಿಗೆ, ಮೇವಿಗೆ ವರ್ಗದಾರನಿಗೆ (ತೀರುವೆ ಕಟ್ಟುವ ವರ್ಗ ಜಾಗದ ಹಿಡುವಳಿದಾರನಿಗೆ) ಸವಲತ್ತು ಇರುವ ಸರಕಾರಿ ಜಾಗ ಅದು, ವರ್ಗ ಜಾಗದಿಂದ ನೂರು ಗಜದೊಳಗೆ. ತಲೆಮಾರಿನಿಂದ ಬೇಲಿ ಹಾಕಿಕೊಂಡು ಬಂದಿದ್ದೀರಿ ಅನ್ನುವುದು ನಿಜ ಇರಬಹುದು. ಆದರೆ ಮಾರಲು ಹೋಗಬೇಡಿ, ಕೊಳ್ಳಲೂ ಹೋಗಬೇಡಿ.

ನಮ್ಮದು ಅಳಿಯಸಂತಾನ. ತರವಾಡಿನ ಜಾಗದಲ್ಲಿ ನನಗೆ ಪಾಲು ಎಷ್ಟು?

ಅಳಿಯಸಂತಾನ ಅಂದರೆ ತಾಯಿಯ ಕಡೆಯಿಂದ ವಂಶ, ಆಸ್ತಿ ನಡೆಯುವ ಪದ್ಧತಿ; ತರವಾಡು ಅಂದರೆ ಅಂಥ ಕೂಡುಕುಟುಂಬ. ಬಂಟರು, ಬಿಲ್ಲವರು, ಇನ್ನೂ ಕೆಲವು ಸಮುದಾಯದವರು ಅತಿ ಹೆಚ್ಚು ಕೇಳುವ ಪ್ರಶ್ನೆ. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇಲ್ಲೇ.

ಕೇರಳದಲ್ಲಿ ಅವಿಭಕ್ತ ಹಿಂದೂ ಕುಟುಂಬ ಪದ್ಧತಿಯನ್ನೇ ತೆಗೆದುಹಾಕುವ ಕಾಯ್ದೆ 1975ರಲ್ಲಿ ಬಂತು, 1976ರ ಡಿಸೆಂಬರ್ 1ರಿಂದ ಜಾರಿಯಾಯಿತು. ಆ ದಿನ ಕುಟುಂಬದಲ್ಲಿ ಯಾರೆಲ್ಲ ಸದಸ್ಯರಿದ್ದರೋ ಅವರೆಲ್ಲರಿಗೂ ತಲೆಗೊಂದು ಪಾಲು ಬಂದಂತೆ ಲೆಕ್ಕ. ಅಜ್ಜಿಗೂ ಒಂದು, ಹಿಂದಿನ ವಾರ ಹುಟ್ಟಿದ ಕೂಸಿಗೂ ಒಂದು. ಅದಕ್ಕೇ ನಮ್ಮಲ್ಲಿ ಪಾಲು ಕೇಸು ಶುರುವಾಗುವುದು ಒಂದು ಪಟ್ಟಿಯಿಂದ: 1976ರ ಡಿಸೆಂಬರ್ 1ರಂದು ಬದುಕಿದ್ದವರು ಯಾರ್ಯಾರು? ದೊಡ್ಡಮ್ಮನ ನೆನಪು ಒಂದು ಹೇಳುತ್ತದೆ, ಶಾಲೆಯ ದಾಖಲಾತಿ ಪುಸ್ತಕ ಇನ್ನೊಂದು ಹೇಳುತ್ತದೆ. ಮುಂಬಯಿಗೆ ಹೋಗಿ ಹೋಟೆಲಿಗೆ ಸೇರಿ ಸುದ್ದಿಯೇ ಇಲ್ಲದ ಮಾವನಿಗೂ ಪಾಲಿದೆ. ಅವನ ಹೆಸರು ಬಿಟ್ಟು ಆದ ಡಿಕ್ರಿ ಅಂದರೆ ಮುಂದಿನ ಕೇಸಿಗೆ ಈಗಲೇ ಹಾಕಿದ ಅಡಿಪಾಯ.

ಗಡಿಯಾಚೆ, ಕರ್ನಾಟಕದಲ್ಲಿ, ಈ ಕಾಯ್ದೆ ಇಲ್ಲ. ಅಲ್ಲಿ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯನ್ನು ಹಿಡಿದು ಲೆಕ್ಕ. ಒಂದೇ ಕುಟುಂಬ, ಒಂದೇ ಭೂತದ ಕೊಟ್ಟಿಗೆಗೆ ಸೇರಿದವರು, ಆದರೂ ವರ್ಕಾಡಿಯ ಗದ್ದೆಗೆ ಒಂದು ಲೆಕ್ಕ, ಆಚೆ ಬಂಟ್ವಾಳದ ಗದ್ದೆಗೆ ಇನ್ನೊಂದು. ಅಲ್ಲಿನ ತೀರ್ಪಿನ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿ "ಹೀಗೇ ಮಾಡಿಸಿ" ಅಂದರೆ ಆಗುವುದಿಲ್ಲ.

ಹೆಣ್ಣುಮಕ್ಕಳ ಆಸ್ತಿಯ ಬಗ್ಗೆ ಒಂದು ಮಾತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 17ನೇ ಸೆಕ್ಷನ್ ಅಳಿಯಸಂತಾನದವರಿಗೆ ಬೇರೆ ಕ್ರಮ ಹೇಳುತ್ತದೆ. ಉಯಿಲು ಬರೆಯದೆ ಹೆಣ್ಣುಮಗಳು ತೀರಿಕೊಂಡರೆ ಮೊದಲ ಸಾಲಿನಲ್ಲಿ ಮಕ್ಕಳು ಮತ್ತು ತಾಯಿ, ಗಂಡ ಎರಡನೇ ಸಾಲಿನಲ್ಲಿ. ಈ ಸೆಕ್ಷನ್ ಯಾರಿಗೆ ಸಲ್ಲುತ್ತದೆ ಅನ್ನುವುದೇ ಕೆಲವೊಮ್ಮೆ ವಾದದ ವಿಷಯ. ಗಂಡನಿಗೆ ಏನಾದರೂ ಬರಲಿ ಅಂತಿದ್ದರೆ ಉಯಿಲು ಬರೆಯಿರಿ. ಎರಡು ಸಾಕ್ಷಿ ಬೇಕು, ರಿಜಿಸ್ಟ್ರಿ ಕಡ್ಡಾಯವಲ್ಲ, ಆದರೂ ಮಾಡಿಸಿಬಿಡಿ.

ಮಕ್ಕಳಕಟ್ಟಿನವರಿಗೆ (ತಂದೆಯ ಕಡೆಯಿಂದ ಆಸ್ತಿ ಬರುವವರಿಗೆ)? ತಂದೆಯ ಪಿತ್ರಾರ್ಜಿತದಲ್ಲಿ ಮಗಳಿಗೆ ಪಾಲಿದೆಯಾ?

2005ರ ಕೇಂದ್ರ ತಿದ್ದುಪಡಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಕೇರಳದಲ್ಲಿ ಅವಿಭಕ್ತ ಕುಟುಂಬವೇ ಇಲ್ಲವಲ್ಲ, ಮತ್ತೆ ಹಕ್ಕು ಎಲ್ಲಿಂದ ಅನ್ನುವ ವಾದ ತುಂಬ ಕಾಲ ನಡೆಯಿತು. 2025ರ ಜುಲೈಯಲ್ಲಿ ಕೇರಳ ಹೈಕೋರ್ಟ್ ಮಗಳ ಪರವಾಗಿ ತೀರ್ಪು ಕೊಟ್ಟಿದೆ. ಹಳೆಯ ಪಾಲುಪಟ್ಟಿ ಇದ್ದರೆ ಅದರ ತಾರೀಕು ನೋಡಬೇಕು. ತನ್ನಿ, ನೋಡಿ ಹೇಳುತ್ತೇವೆ.

ಜಾಗ ಎರಡೂ ರಾಜ್ಯದಲ್ಲಿದೆ. ಎರಡು ಕೇಸು ಹಾಕಬೇಕಾ?

ಹಾಕಲೇಬೇಕು ಅಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 17ರಂತೆ ಆಸ್ತಿಯ ಒಂದು ತುಂಡು ಯಾವ ಕೋರ್ಟಿನ ವ್ಯಾಪ್ತಿಯಲ್ಲಿದೆಯೋ ಅಲ್ಲಿ ಪೂರ್ತಿಗೂ ದಾವೆ ಹೂಡಬಹುದು. ಎಲ್ಲಿ ಹೂಡುವುದು ಒಳ್ಳೆಯದು ಅನ್ನುವುದು ಮಾತ್ರ ಕೂತು ಯೋಚಿಸುವ ವಿಷಯ. ಸಾಕ್ಷಿಗಳು ಎಲ್ಲಿದ್ದಾರೆ, ಕಾಗದ ಯಾವ ಕಚೇರಿಯಲ್ಲಿದೆ, ಕೋರ್ಟ್ ಫೀ ಎಲ್ಲಿ ಎಷ್ಟು ಅಂತ ನೋಡಬೇಕು.

ಕರ್ನಾಟಕದ ಕೋರ್ಟಿಗೆ ನಿಮ್ಮ ವಕೀಲರು ಬರಬಹುದಾ?

ಬರಬಹುದು. ಯಾವ ರಾಜ್ಯದಲ್ಲಿ ಎನ್‌ರೋಲ್ ಆದ ವಕೀಲರೂ ದೇಶದ ಯಾವ ಕೋರ್ಟಿನಲ್ಲೂ ವಾದಿಸಬಹುದು. ವಕೀಲರ ಕಾಯ್ದೆಯ 30ನೇ ಸೆಕ್ಷನ್ 2011ರ ಜೂನ್‌ನಿಂದ ಜಾರಿಯಲ್ಲಿದೆ. ಆದರೂ ಪುತ್ತೂರು, ಸುಳ್ಯದ ಕೇಸಿಗೆ ನಾವು ಅಲ್ಲಿನವರ ಜತೆ ಸೇರಿಯೇ ಕೆಲಸ ಮಾಡುವುದು. ಅಲ್ಲಿನ ತಾಲೂಕು ಕಚೇರಿಯ ಯಾವ ಮೇಜಿನಲ್ಲಿ ಕಡತ ನಿಲ್ಲುತ್ತದೆ ಅಂತ ಅಲ್ಲಿನವರಿಗೇ ಗೊತ್ತು.

ನಮ್ಮದೇ ಗದ್ದೆ. ಮನೆ ಕಟ್ಟಲು ಯಾಕೆ ಬಿಡುವುದಿಲ್ಲ?

ಕೇರಳದಲ್ಲಿ 2008ರಿಂದ ಗದ್ದೆ ಮತ್ತು ತೇವಭೂಮಿ ಸಂರಕ್ಷಣಾ ಕಾಯ್ದೆ ಇದೆ. ಪಂಚಾಯತಿನ ಡಾಟಾ ಬ್ಯಾಂಕಿನಲ್ಲಿ (ಗದ್ದೆ, ತೇವಭೂಮಿಗಳ ಪಟ್ಟಿಯಲ್ಲಿ) ನಿಮ್ಮ ಜಾಗ ಗದ್ದೆ ಅಂತ ಸೇರಿದ್ದರೆ ಸುಮ್ನೆ ಮಣ್ಣು ತುಂಬಿಸುವಂತಿಲ್ಲ. ಅಡಿಕೆ ನೆಟ್ಟು ಮೂವತ್ತು ವರ್ಷ ಆದ ಜಾಗವೂ ಪಟ್ಟಿಯಲ್ಲಿ ಗದ್ದೆ ಅಂತ ಇರುವುದುಂಟು. ತಪ್ಪಾಗಿ ಸೇರಿದ್ದರೆ ಫಾರಂ 5ರಲ್ಲಿ ಅರ್ಜಿ ಹಾಕಿ ತೆಗೆಸಬೇಕು. ಡಾಟಾ ಬ್ಯಾಂಕಿನಲ್ಲಿ ಇಲ್ಲದೆ ಬರೀ ಕಂದಾಯ ದಾಖಲೆಯಲ್ಲಿ ಗದ್ದೆ ಅಂತಿದ್ದರೆ ದಾರಿ ಬೇರೆ, ಫಾರಂ ಬೇರೆ. ಜಾಗ ಕೊಳ್ಳುವವರು ಮುಂಗಡ ಕೊಡುವ ಮೊದಲು ಡಾಟಾ ಬ್ಯಾಂಕ್ ನೋಡಿ. ಮನೆಯ ನಕ್ಷೆ ಹಿಡಿದುಕೊಂಡು ಆಮೇಲೆ ಅಳುತ್ತಾ ಬರುವವರೇ ಜಾಸ್ತಿ.

ಹೆದ್ದಾರಿಯಲ್ಲಿ ಅಪಘಾತ ಆಯಿತು, ಮಂಗಳೂರಿಗೆ ಕೊಂಡುಹೋದರು. ಕೇಸು ಎಲ್ಲಿ?

ಅಪಘಾತ ಆದ ಕಡೆ, ನೀವು ವಾಸ ಇರುವ ಕಡೆ ಅಥವಾ ಎದುರು ಪಕ್ಷದವರು ಇರುವ ಕಡೆ, ಈ ಮೂರರಲ್ಲಿ ಎಲ್ಲಿ ಬೇಕಾದರೂ ಪರಿಹಾರದ ಅರ್ಜಿ ಹಾಕಬಹುದು. ಕುಂಬಳೆಯವರಿಗೆ ಗಡಿಯಾಚೆಯ ತೊಕ್ಕೊಟ್ಟಿನಲ್ಲಿ ಅಪಘಾತ ಆದರೂ ಕಾಸರಗೋಡಿನಲ್ಲೇ ಹಾಕಬಹುದು. ಆರು ತಿಂಗಳೊಳಗೆ ಹಾಕಬೇಕು ಅನ್ನುವ ನಿಯಮ 2022ರ ಏಪ್ರಿಲ್ 1ರಿಂದ ಬಂದಿದೆ. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿದ್ದಾರೆ. ನೀವು ಆ ಚರ್ಚೆಯನ್ನು ನಂಬಿ ಕೂರಬೇಡಿ, ಆರು ತಿಂಗಳೊಳಗೇ ಬನ್ನಿ.

ಇಲ್ಲಿ ತೊಡಕಾಗುವುದು ಆಸ್ಪತ್ರೆಯ ಕಾಗದ. ಮೊದಲು ಇಲ್ಲೊಂದು ಆಸ್ಪತ್ರೆ, ಆಮೇಲೆ ಮಂಗಳೂರಿನದು. ಎರಡು ಕಡೆ ಎರಡು ಬಗೆಯಲ್ಲಿ ಬರೆದಿರುತ್ತಾರೆ. ಒಂದರಲ್ಲಿ "ಬೈಕಿನಿಂದ ಬಿದ್ದು", ಇನ್ನೊಂದರಲ್ಲಿ "ಲಾರಿ ಬಡಿದು". ವಿಮೆ ಕಂಪೆನಿಯ ವಕೀಲರು ಮೊದಲು ಹುಡುಕುವುದು ಅದನ್ನೇ. ದಾಖಲು ಮಾಡುವಾಗ ಜತೆಗಿದ್ದವರು ಏನಾಯಿತು ಅಂತ ಸರಿಯಾಗಿ ಹೇಳಿ, ಬರೆದದ್ದನ್ನು ಓದಿ ನೋಡಿ.

2020ರ ಮಾರ್ಚಿನಲ್ಲಿ, ಕೊರೋನಾ ಕಾಲದಲ್ಲಿ, ಕರ್ನಾಟಕದವರು ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ನಮಗೆ ಎಷ್ಟು ಬೇಕು ಅಂತ ಎಲ್ಲರಿಗೂ ಗೊತ್ತಾಯಿತು. ಆ ರಸ್ತೆ ತೆರೆಸಲು ಕೇರಳ ಹೈಕೋರ್ಟಿನ ವಕೀಲರ ಸಂಘವೇ ಕೇಸು ಹಾಕಬೇಕಾಯಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಮಂಗಳೂರಿನ ಅಡಿಕೆ ವ್ಯಾಪಾರಿ ಕೊಟ್ಟ ಚೆಕ್ ಬೌನ್ಸ್ ಆಯಿತು. ಮಂಗಳೂರಿಗೆ ಅಲೆಯಬೇಕಾ?

ಬೇಡ. 2015ರ ತಿದ್ದುಪಡಿಯ ನಂತರ ನಿಮ್ಮ ಖಾತೆ ಇರುವ ಬ್ಯಾಂಕಿನ ಶಾಖೆ ಎಲ್ಲಿದೆಯೋ ಅಲ್ಲಿನ ಕೋರ್ಟಿಗೇ ಅಧಿಕಾರ. ಬದಿಯಡ್ಕದಲ್ಲಿ ಖಾತೆ ಇದ್ದರೆ ಅವರೇ ಕಾಸರಗೋಡಿಗೆ ಬರಬೇಕು. ದಿನ ಮಾತ್ರ ತಪ್ಪಬಾರದು: ಬ್ಯಾಂಕಿನ ಮೆಮೊ ಕೈಗೆ ಬಂದ 30 ದಿನದೊಳಗೆ ನೋಟಿಸ್, ನೋಟಿಸ್ ಸಿಕ್ಕ ಮೇಲೆ ಅವರಿಗೆ 15 ದಿನ, ಅದು ಮುಗಿದ ಒಂದು ತಿಂಗಳೊಳಗೆ ದೂರು. "ಮುಂದಿನ ವಾರ ಕೊಡ್ತೇನೆ ಭಟ್ರೆ" ಅನ್ನುವ ಮಾತು ನಂಬಿ ಮೊದಲ 30 ದಿನ ಕಳೆದವರು ತುಂಬ ಜನ ಇದ್ದಾರೆ.

ಮಗಳ ಮೇಲೆ ಅಳಿಯ ಮಂಗಳೂರಿನಲ್ಲಿ ಡೈವೋರ್ಸ್ ಕೇಸು ಹಾಕಿದ್ದಾನೆ. ಇಲ್ಲಿಗೆ ತರಿಸಬಹುದಾ?

ತರಿಸಬಹುದು, ಆದರೆ ದಾರಿ ದೆಹಲಿಯ ಮೇಲೆ. ಒಂದು ರಾಜ್ಯದ ಕೋರ್ಟಿನಿಂದ ಇನ್ನೊಂದು ರಾಜ್ಯದ ಕೋರ್ಟಿಗೆ ಕೇಸು ವರ್ಗಾಯಿಸುವ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ. ಕಾಸರಗೋಡಿನಿಂದ ಮಂಗಳೂರು ಐವತ್ತು ಕಿಲೋಮೀಟರ್, ಬಸ್ಸಿನಲ್ಲಿ ದಿನಾ ಕಾಲೇಜಿಗೆ ಹೋಗಿ ಬರುವವರಿದ್ದಾರೆ. ಇಷ್ಟು ಹತ್ತಿರಕ್ಕೆ ವರ್ಗಾವಣೆ ಕೇಳಿದರೆ ಒಪ್ಪಿಸುವುದೂ ಕಷ್ಟ. ಚಿಕ್ಕ ಮಗು ಇದ್ದರೆ, ಬೆದರಿಕೆ ಇದ್ದರೆ ಮಾತು ಬೇರೆ. ಮಗಳೇ ಕೇಸು ಹಾಕುವುದಾದರೆ ತೊಂದರೆ ಇಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಹೆಂಡತಿ ತಾನು ವಾಸ ಇರುವ ಕಡೆಯೇ ಅರ್ಜಿ ಹಾಕಬಹುದು.

ಕರ್ನಾಟಕದ ಪೊಲೀಸರು ಫೋನ್ ಮಾಡಿ ಠಾಣೆಗೆ ಬಾ ಅಂತಾರೆ. ಏನು ಮಾಡುವುದು?

ಮೊದಲು ಎಫ್‌ಐಆರ್ ಆಗಿದೆಯಾ, ಯಾವ ಠಾಣೆ, ಯಾವ ನಂಬರ್ ಅಂತ ಕೇಳಿ ಬರೆದುಕೊಳ್ಳಿ. ದುಡ್ಡು ಕಳಿಸು ಅಂದರೆ ಅದು ಪೊಲೀಸರ ಫೋನೇ ಅಲ್ಲ. ನಿಜವಾದ ಕೇಸಾಗಿದ್ದರೆ, ಬೇರೆ ರಾಜ್ಯದ ಎಫ್‌ಐಆರಿಗೂ ಇಲ್ಲಿನ ಸೆಷನ್ಸ್ ಕೋರ್ಟ್ ಅಥವಾ ಹೈಕೋರ್ಟ್ ಸ್ವಲ್ಪ ದಿನದ ಮಟ್ಟಿಗೆ ನಿರೀಕ್ಷಣಾ ಜಾಮೀನು (ಬಂಧನಕ್ಕೆ ಮೊದಲೇ ಪಡೆಯುವ ಜಾಮೀನು) ಕೊಡಬಹುದು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಅಷ್ಟರಲ್ಲಿ ಅಲ್ಲಿನ ಕೋರ್ಟಿಗೆ ಹೋಗಬೇಕು.

ಮಗ ದುಬೈಯಲ್ಲಿದ್ದಾನೆ. ಅವನ ಸಹಿ ಹೇಗೆ?

ಪವರ್ ಆಫ್ ಅಟಾರ್ನಿ ಮಾಡಿಸಿ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಲಿ. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಮಾಡಿಸಬೇಕು. ಬೀರುವಿನಲ್ಲಿ ಇಟ್ಟು ಮರೆಯಬೇಡಿ.

ಎಂಡೋಸಲ್ಫಾನ್ ಪರಿಹಾರ ಇನ್ನೂ ಸಿಕ್ಕಿಲ್ಲ.

ಎಣ್ಮಕಜೆ, ಮುಳಿಯಾರು ಕಡೆಯಿಂದ ಈ ಮಾತು ಹಿಡಿದು ಈಗಲೂ ಬರುತ್ತಾರೆ. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಈ ಕೀಟನಾಶಕ ವಿಷ ಸಿಂಪಡಿಸುವುದು 2000ದಲ್ಲಿ ನಿಂತಿತು. ಸಂತ್ರಸ್ತರಿಗೆ ಐದು ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ ಕೇರಳ ಸರಕಾರಕ್ಕೆ ಹೇಳಿದ್ದು 2017ರ ಜನವರಿಯಲ್ಲಿ, ಅದೂ ಮೂರು ತಿಂಗಳೊಳಗೆ. 2022ರಲ್ಲಿ ಅದೇ ಕೋರ್ಟ್ ವಿಳಂಬಕ್ಕೆ ಸರಕಾರವನ್ನು ತರಾಟೆಗೆ ತೆಗೆದುಕೊಂಡಿತು. ಪಟ್ಟಿಯಲ್ಲಿ ಹೆಸರಿದೆಯಾ ಇಲ್ಲವಾ ಅನ್ನುವುದರ ಮೇಲೆ ಮುಂದಿನ ದಾರಿ. ವೈದ್ಯಕೀಯ ಶಿಬಿರದ ಚೀಟಿ ಇದ್ದರೆ ತನ್ನಿ. ಈ ಕೆಲಸಕ್ಕೆ ನಾವು ಫೀಸು ಕೇಳುವುದಿಲ್ಲ.

ಫೀಸು ಎಷ್ಟು? ಗೆದ್ದ ಮೇಲೆ ಪಾಲು ಕೊಟ್ಟರೆ ಆಗದಾ?

ಆಗುವುದಿಲ್ಲ. ಗೆದ್ದ ಹಣದಲ್ಲಿ ಪಾಲು ತೆಗೆದುಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮ 20 ನಿಷೇಧಿಸಿದೆ. ಅಪಘಾತದ ಕೇಸಿನಲ್ಲಿ "ಇಷ್ಟು ಪರ್ಸೆಂಟ್ ನನಗೆ" ಅಂತ ಆಸ್ಪತ್ರೆಯ ಬಾಗಿಲಲ್ಲೇ ಬಂದು ನಿಲ್ಲುವವರಿದ್ದರೆ ಅವರು ವಕೀಲರಲ್ಲ, ದಲ್ಲಾಳಿಗಳು.

ನಮ್ಮಲ್ಲಿ ಫೀಸು ಕೇಸು ನೋಡಿ ಹೇಳುತ್ತೇವೆ, ಕಂತಿನಲ್ಲಿ ಕೊಡಬಹುದು. ಕೋರ್ಟ್ ಫೀ ಬೇರೆ, ಅದು ಸರಕಾರಕ್ಕೆ ಹೋಗುವುದು. ಹಣ ವಸೂಲಿ ದಾವೆಗೆ ಕೇರಳದಲ್ಲಿ ಅದು ಭಾರವೇ. ದಾವೆ ಹೂಡುವಾಗ ಹತ್ತರಲ್ಲೊಂದು ಭಾಗ ಕಟ್ಟಿ ಉಳಿದದ್ದನ್ನು ಆಮೇಲೆ ಕಟ್ಟಲು ಅವಕಾಶವಿದೆ. ಕೊಟ್ಟ ಪ್ರತಿಯೊಂದಕ್ಕೂ ರಶೀದಿ ಕೇಳಿ.

ಕೈಯಲ್ಲಿ ಏನೂ ಇಲ್ಲ. ವಕೀಲರು ಸಿಗುತ್ತಾರಾ?

ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅರ್ಜಿ ಕೊಡಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಜೈಲಿನಲ್ಲಿರುವವರು, ಇವರಿಗೆಲ್ಲ ವರಮಾನ ಎಷ್ಟಿದ್ದರೂ ಉಚಿತ. ಫೋನಿನಲ್ಲಾದರೆ 15100. ಲೋಕ ಅದಾಲತಿನಲ್ಲಿ ಮುಗಿದರೆ ಕಟ್ಟಿದ ಕೋರ್ಟ್ ಫೀಯೂ ವಾಪಸ್ ಬರುತ್ತದೆ. ಮೇಲ್ಮನವಿ ಇಲ್ಲ, ಹಾಗಾಗಿ ಒಪ್ಪುವ ಮೊದಲು ಯೋಚಿಸಿ.

ಈಗಿನ ವಕೀಲರು ಬೇಡ, ನಿಮ್ಮಲ್ಲಿಗೆ ಬರಬಹುದಾ?

ಬರಬಹುದು. ಆದರೆ ಮೊದಲು ಅವರ ಹತ್ತಿರ ಒಮ್ಮೆ ಕೂತು ಮಾತಾಡಿ. ವಾಯಿದೆ ಬಿದ್ದದ್ದು ಕೋರ್ಟಿನಲ್ಲಿ ಜಡ್ಜ್ ಇಲ್ಲದ್ದಕ್ಕೆ ಇರಬಹುದು. ಆಮೇಲೂ ಬೇಡ ಅನಿಸಿದರೆ ಬಾಕಿ ಫೀಸು ತೀರಿಸಿ, ಅವರ ಒಪ್ಪಿಗೆ ಪತ್ರ ತನ್ನಿ. ಅದೇ ಕೇಸಿನಲ್ಲಿ ನಿಮ್ಮ ಎದುರು ಪಕ್ಷದವರು ನಮ್ಮಲ್ಲಿ ಮೊದಲೇ ಬಂದು ಸಲಹೆ ಕೇಳಿದ್ದರೆ ನಾವು ತೆಗೆದುಕೊಳ್ಳುವುದಿಲ್ಲ. ಊರು ಸಣ್ಣದು, ಹಾಗಾಗುವುದುಂಟು.

ಮೊದಲ ದಿನ ಬರುವಾಗ ಏನು ತರಬೇಕು?

ಇರುವ ಕಾಗದ ಎಲ್ಲ, ಬೇಡ ಅನಿಸಿದ್ದೂ. ಕೊನೆಯ ತೀರುವೆ ರಶೀದಿ, ಕೋರ್ಟಿನ ಸಮನ್ಸ್ ಬಂದಿದ್ದರೆ ಅದರ ಲಕೋಟೆ ಸಮೇತ. ಲಕೋಟೆಯ ಮೇಲಿನ ಅಂಚೆ ಮುದ್ರೆಯ ತಾರೀಕು ಎಷ್ಟೋ ಕೇಸಿನಲ್ಲಿ ಕೆಲಸಕ್ಕೆ ಬಂದಿದೆ. ಕುಟುಂಬದ ಕೇಸಾದರೆ ಮನೆಯ ಹಿರಿಯರನ್ನೂ ಕರೆದುಕೊಂಡು ಬನ್ನಿ. ಬೆಳಿಗ್ಗೆ ಹತ್ತೂವರೆಯಿಂದ ವಕೀಲರು ಕೋರ್ಟಿನಲ್ಲಿರುತ್ತಾರೆ. ಸಂಜೆ ಐದರ ಮೇಲೆ ಬಂದರೆ ನಿಧಾನವಾಗಿ ಮಾತಾಡಬಹುದು.